ನಾನು ಅಂದ ಒಂದು ಹೂಂ

2020ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ತಿಪಟೂರಿನಲ್ಲಿ ನನ್ನ ಮೆಡಿಕಲ್ ಶಾಪ್. ಕೊರೋನಾ ಕಾಲ. ಕೌಂಟರಿನ ಮುಂದೆ ಹಗ್ಗ ಕಟ್ಟಿದ್ದೆ. ಜನ ದೂರ ದೂರ ನಿಲ್ಲಲಿ ಅಂತ ನೆಲದ ಮೇಲೆ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದಿದ್ದೆ. ಆದರೆ ಗೆರೆಯೊಳಗೆ ಯಾರೂ ನಿಂತಿರಲಿಲ್ಲ. ಐದಾರು ಜನ ಹಗ್ಗಕ್ಕೆ ಒರಗಿಕೊಂಡು ಒಳಗಿನ ಟಿವಿ ನೋಡುತ್ತಿದ್ದರು. ಟಿವಿಯಲ್ಲಿ ರಿಯಾ ಚಕ್ರವರ್ತಿ, ಆ ಜೂನಿನಲ್ಲಿ ತೀರಿಕೊಂಡ ಹಿಂದಿ ನಟ ಸುಶಾಂತ್ ಸಿಂಗ್ ರಜಪೂತ್ ಗೆಳತಿ, ಅವಳೂ ನಟಿ.

"ಈ ಹುಡುಗೀನೇ ಕಣ್ರೀ ಎಲ್ಲ ಮಾಡಿರೋದು. ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಂದರು ಒಬ್ಬರು. ಸಕ್ಕರೆ ಕಾಯಿಲೆ ಮಾತ್ರೆಗೆ ಬಂದವರು, ಒಳ್ಳೆಯ ಮನುಷ್ಯರು. "ಬಂಗಾಳದೋರಿಗೆ ಮಾಟ ಮಂತ್ರ ಎಲ್ಲ ಗೊತ್ತಿರುತ್ತಂತೆ" ಅಂದರು ಇನ್ನೊಬ್ಬರು. ನಾನು ಮಾತ್ರೆ ಎಣಿಸುತ್ತಾ "ಹೂಂ, ಹಾಗೇ ಇರಬೇಕು" ಅಂದೆ.

ಆಗ ಹಿಂದಿನಿಂದ ಒಂದು ದನಿ ಬಂತು. "ಅಣ್ಣ, ಆ ಟಿವಿ ಸ್ವಲ್ಪ ಆಫ್ ಮಾಡ್ತೀರಾ?"

ಮಾಸ್ಕ್ ಹಾಕಿದ್ದರೂ ಗುರುತು ಸಿಕ್ಕಿತು. ಅಮ್ಮನ ಬಿಪಿ ಮಾತ್ರೆಗೆ ಬಂದಿದ್ದಳು. ಅವಳು ಯಾರು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ನಾನು ಟಿವಿ ಆಫ್ ಮಾಡಿದೆ. ನಿಂತವರಿಗೆ ಬೇಜಾರಾಯಿತು.

ಅವತ್ತಿನಿಂದ ಆ ಸುದ್ದಿಯನ್ನು ನಾನು ಬೇರೆ ಥರ ನೋಡೋಕೆ ಶುರುಮಾಡಿದೆ. ಐದು ವರ್ಷ ಕಳೆದಿದೆ. ಬರೆಯಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಿದ್ದು 2020ರ ಜೂನ್ 14ರಂದು, ಭಾನುವಾರ, ಮುಂಬೈನ ಬಾಂದ್ರಾದ ಮನೆಯಲ್ಲಿ. ಬರೀ 34 ವರ್ಷ. ನಮ್ಮೂರಿನ ಹುಡುಗರಿಗೆ ಅವನು ಪರದೆ ಮೇಲೆ ಧೋನಿ ಆದವನು. ನನ್ನ ಮಗ ಅವತ್ತು ರಾತ್ರಿ ಊಟ ಮಾಡಲಿಲ್ಲ. ಮುಂಬೈ ಪೊಲೀಸರು ಆತ್ಮಹತ್ಯೆ ಅಂದರು, ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ನಡೆಯುತ್ತಿತ್ತು ಅಂತಲೂ ಹೇಳಿದರು. ಜುಲೈ ಕೊನೆಯಲ್ಲಿ ಅವನ ತಂದೆ ಪಟ್ನಾದಲ್ಲಿ ರಿಯಾ ಮತ್ತು ಅವಳ ಮನೆಯವರ ಮೇಲೆ ದೂರು ಕೊಟ್ಟರು. ಮಗನನ್ನು ಕಳೆದುಕೊಂಡ ತಂದೆ ಕೇಳಿದ ಪ್ರಶ್ನೆ ಅದು. ಕೇಳುವ ಹಕ್ಕು ಅವರಿಗೆ ಖಂಡಿತ ಇತ್ತು. ಆಗಸ್ಟ್ 19ರಂದು ಸುಪ್ರೀಂ ಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಅಲ್ಲಿಗೆ ನಾವು ಸುಮ್ಮನೆ ಕಾಯಬೇಕಿತ್ತು ಅಲ್ವಾ? ಸಿಬಿಐ ಮುಂಬೈ ತಲುಪುವ ಮೊದಲೇ ನಮ್ಮ ಕೌಂಟರಿನಲ್ಲಿ ತೀರ್ಪು ಆಗಿಹೋಗಿತ್ತು. 15 ಕೋಟಿ ಹೊಡೆದಳು. ವಿಷ ಹಾಕಿದಳು. ಮಾಟ ಮಾಡಿಸಿದಳು. ದಿನಕ್ಕೊಂದು.

ಆ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಮಾತು ನನಗೆ ಈಗಲೂ ಚುಚ್ಚುತ್ತದೆ. "ಅಷ್ಟು ನಗ್ತಾ ನಗ್ತಾ ಇದ್ದ ಹುಡುಗ ಕಣ್ರೀ. ವಿಡಿಯೋ ನೋಡಿ, ಡಾನ್ಸ್ ಮಾಡ್ತಾ ಇದಾನೆ. ಅವನಿಗೆ ಡಿಪ್ರೆಶನ್ನಾ? ಸಾಧ್ಯಾನೇ ಇಲ್ಲ."

ಇಪ್ಪತ್ತೆರಡು ವರ್ಷದಿಂದ ಮಾತ್ರೆ ಮಾರುತ್ತಿದ್ದೇನೆ. ನಗುತ್ತಾ ಬರುವವರನ್ನು ನನಗಿಂತ ಜಾಸ್ತಿ ಯಾರು ನೋಡಿರುತ್ತಾರೆ? ನನ್ನ ಅಂಗಡಿಯಲ್ಲಿ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರಲ್ಲಿ ಅರ್ಧಕ್ಕರ್ಧ ಜನ ತಿಪಟೂರಿನವರಲ್ಲ. ಅರಸೀಕೆರೆಯಿಂದ ಬರುತ್ತಾರೆ, ಚಿಕ್ಕನಾಯಕನಹಳ್ಳಿಯಿಂದ ಬರುತ್ತಾರೆ. ಅವರ ಊರಲ್ಲಿ ಮೆಡಿಕಲ್ ಶಾಪ್ ಇಲ್ಲ ಅಂತಲ್ಲ, ಅಲ್ಲಿ ಗುರುತಿನವರು ಇರುತ್ತಾರೆ ಅಂತ. ನಮ್ಮೂರಿನವರು ಇದೇ ಮಾತ್ರೆಗೆ ತುಮಕೂರಿಗೆ ಹೋಗುತ್ತಾರೆ. ಬಂದವರು ಮೊದಲು ಒಂದು ಕೆಮ್ಮಿನ ಸಿರಪ್ ಕೇಳುತ್ತಾರೆ, ಆಮೇಲೆ ಒಂದು ಪೇಸ್ಟ್. ಪಕ್ಕದಲ್ಲಿ ನಿಂತವರು ಹೋದ ಮೇಲೆ ಜೇಬಿನಿಂದ ಡಾಕ್ಟರ ಚೀಟಿ ತೆಗೆಯುತ್ತಾರೆ. "ಪೇಪರ್‌ನಲ್ಲಿ ಸುತ್ತಿಕೊಡಿ" ಅನ್ನುತ್ತಾರೆ. ಬಿಪಿ ಮಾತ್ರೆಯನ್ನು ಯಾರೂ ಸುತ್ತಿಸಿಕೊಳ್ಳಲ್ಲ.

ಅವರಲ್ಲಿ ಮೇಷ್ಟ್ರು ಇದ್ದಾರೆ, ಕೊಬ್ಬರಿ ವ್ಯಾಪಾರಿಗಳಿದ್ದಾರೆ, ಹಬ್ಬದ ದಿನ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗ ಒಬ್ಬ ಇದ್ದಾನೆ. ಎಲ್ಲರೂ ನನ್ನ ಹತ್ತಿರ ಜೋಕ್ ಹೇಳುತ್ತಾರೆ. ಮಕ್ಕಳ ಮದುವೆಗೆ ಕರೆಯುತ್ತಾರೆ. ಕೆಲವು ಮಾತ್ರೆಗಳಿಗೆ ನಾವು ಎಚ್1 ಅನ್ನುವ ರಿಜಿಸ್ಟರಿನಲ್ಲಿ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಅಂತ ಬರೆಯಬೇಕು, ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪುಸ್ತಕ ಮುಟ್ಟುವಾಗೆಲ್ಲ ನನಗೆ ಒಂದು ಭಯ. ಎಷ್ಟೊಂದು ಮನೆಗಳ ಗುಟ್ಟು ಅದರಲ್ಲಿದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು "ನಗ್ತಾ ಇದ್ದ ಹುಡುಗ" ಅನ್ನುವ ಮಾತಿಗೆ ತಲೆ ಆಡಿಸಿದೆ. ಟಿವಿಯಲ್ಲಿ ಹೇಳುವವರಿಗೆ ಗೊತ್ತಿರಲಿಲ್ಲ ಅಂದುಕೊಳ್ಳೋಣ. ನನಗೆ ಗೊತ್ತಿತ್ತು.

ಇನ್ನೊಂದು ವಿಷಯ. ರಿಯಾ ಆಸ್ಪತ್ರೆಯ ಶವಾಗಾರಕ್ಕೆ ಹೋಗಿ ಅವನ ದೇಹದ ಮುಂದೆ "ಸಾರಿ ಬಾಬು" ಅಂದಿದ್ದರು. ಆ ಎರಡು ಪದ ಇಟ್ಟುಕೊಂಡು ಚಾನೆಲ್‌ಗಳು ದಿನಗಟ್ಟಲೆ ಚರ್ಚೆ ಮಾಡಿದವು. ಯಾಕೆ ಸಾರಿ? ಯಾವ ತಪ್ಪಿಗೆ ಸಾರಿ? ಒಪ್ಪಿಕೊಂಡಂತೆ ಆಯಿತಲ್ಲ! ನಾನು ಹುಟ್ಟಿದ ಹಳ್ಳಿಯಲ್ಲಿ ಸಾವಿನ ಮನೆಗೆ ಹೋದರೆ ಹೆಂಗಸರು ಹೆಣದ ಮೇಲೆ ಬಿದ್ದು ಅಳುತ್ತಾರೆ. "ನಿನ್ನ ಉಳಿಸಿಕೊಳ್ಳಲಿಲ್ಲವಲ್ಲೋ ನನ್ನಪ್ಪಾ, ನಾನೇ ಪಾಪಿ" ಅನ್ನುತ್ತಾರೆ. ನಮ್ಮಮ್ಮ ನನ್ನ ತಮ್ಮ ಹೋದಾಗ ಹಾಗೇ ಅಂದಳು. ಅವನಿಗೆ ಬಂದಿದ್ದು ಮೆದುಳು ಜ್ವರ. ಅಮ್ಮನನ್ನು ಯಾರೂ ಸ್ಟೇಷನ್ನಿಗೆ ಕರೆಯಲಿಲ್ಲ.

ಸೆಪ್ಟೆಂಬರ್ 6ರಂದು ರಿಯಾ ಎನ್‌ಸಿಬಿ, ಅಂದರೆ ಡ್ರಗ್ಸ್ ಕೇಸು ನೋಡುವ ಕೇಂದ್ರದ ಸಂಸ್ಥೆಯ ಆಫೀಸಿಗೆ ಹೋದ ದೃಶ್ಯ ನೆನಪಿರಬಹುದು. ಕ್ಯಾಮೆರಾ, ಮೈಕು, ತಳ್ಳಾಟ. ಒಂದು ಹೆಣ್ಣುಮಗಳು ಬಾಗಿಲು ಮುಟ್ಟುವುದಕ್ಕೆ ಅಷ್ಟು ಗಂಡಸರ ಮಧ್ಯೆ ನುಗ್ಗಿ ಹೋಗಬೇಕಾಯಿತು. ದೇಶದಲ್ಲಿ ಆಗ ದಿನಕ್ಕೆ 90 ಸಾವಿರ ಜನಕ್ಕೆ ಕೊರೋನಾ ಬರುತ್ತಿತ್ತು. ನನ್ನ ಅಂಗಡಿಗೆ ಆಕ್ಸಿಮೀಟರ್ ಕೇಳಿಕೊಂಡು ಬಂದವರಿಗೆ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿತ್ತು. ಮನೆಯವರನ್ನು ಆಸ್ಪತ್ರೆಗೆ ಸೇರಿಸಿ ಬಂದವರೂ ಮಾತ್ರೆ ಕಟ್ಟುವಷ್ಟು ಹೊತ್ತಿನಲ್ಲಿ ರಿಯಾ ವಿಷಯ ಕೇಳುತ್ತಿದ್ದರು. ಭಯದಲ್ಲಿರುವ ಜನಕ್ಕೆ ಬೈಯುವುದಕ್ಕೆ ಒಂದು ಮುಖ ಬೇಕಾಗುತ್ತದೆ ಅಂತ ನನಗೆ ಈಗ ಅನ್ನಿಸುತ್ತದೆ. ವೈರಸ್ಸಿಗೆ ಮುಖ ಇರಲಿಲ್ಲ.

ಸೆಪ್ಟೆಂಬರ್ 8ಕ್ಕೆ ರಿಯಾ ಅರೆಸ್ಟ್ ಆದರು. ಕೊಲೆ ಕೇಸಿನಲ್ಲಿ ಅಲ್ಲ, ಡ್ರಗ್ಸ್ ಕೇಸಿನಲ್ಲಿ. ಆದರೆ ನಮ್ಮ ಕೌಂಟರಿನಲ್ಲಿ ಆ ವ್ಯತ್ಯಾಸ ಯಾರಿಗೂ ಬೇಕಾಗಿರಲಿಲ್ಲ. "ನೋಡಿದ್ರಾ, ನಾನು ಹೇಳಲಿಲ್ವಾ" ಅಷ್ಟೇ. ಅದೇ ದಿನ ಬೆಂಗಳೂರಿನಲ್ಲಿ ಇನ್ನೊಂದು ಡ್ರಗ್ಸ್ ಕೇಸಿನಲ್ಲಿ ನಟಿ ಸಂಜನಾ ಗಲ್ರಾನಿ ಅರೆಸ್ಟ್. ನಾಲ್ಕು ದಿನ ಮೊದಲು ನಟಿ ರಾಗಿಣಿ ದ್ವಿವೇದಿ. ನಮ್ಮ ಕನ್ನಡ ಚಾನೆಲ್‌ಗಳಿಗೂ ಹಬ್ಬ. ಸಂಜನಾಗೆ ಜಾಮೀನು ಸಿಗುವಾಗ ಡಿಸೆಂಬರ್ ಆಗಿತ್ತು. ರಾಗಿಣಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರ ಜನವರಿಯಲ್ಲಿ ಹೊರಗೆ ಬಂದರು. ಆಮೇಲೆ ನಮ್ಮ ಹೈಕೋರ್ಟು ಆ ಕೇಸುಗಳನ್ನು ರದ್ದು ಮಾಡಿತು, ಸಂಜನಾದು 2024ರಲ್ಲಿ, ರಾಗಿಣಿಯದು 2025ರಲ್ಲಿ. ಅರೆಸ್ಟ್ ಆದ ದಿನ ನನಗೆ ಹನ್ನೊಂದು ಫಾರ್ವರ್ಡ್ ಬಂದಿತ್ತು. ರದ್ದಾದ ದಿನ ಒಂದೂ ಬರಲಿಲ್ಲ.

ಇಲ್ಲಿ ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅರೆಸ್ಟ್ ಆಗುವ ಹಿಂದಿನ ದಿನ ರಿಯಾ ಒಂದು ದೂರು ಕೊಟ್ಟಿದ್ದರು, ಸುಶಾಂತ್ ಅಕ್ಕಂದಿರ ಮೇಲೆ. ಡಾಕ್ಟರು ನೋಡದೆಯೇ ಮಾತ್ರೆಯ ಒಂದು ಚೀಟಿ ಬರೆಸಿ ವಾಟ್ಸಾಪಿನಲ್ಲಿ ಅವನಿಗೆ ಕಳುಹಿಸಿದರು ಅನ್ನುವುದು ಆರೋಪ. ಟಿವಿ ವಿಷಯದಲ್ಲಿ ಬುದ್ಧಿ ಬಂದಿತ್ತು ಅಂದುಕೊಂಡಿದ್ದ ನಾನು ಇದನ್ನು ಕೇಳಿದ ತಕ್ಷಣ ಎದ್ದು ಕೂತೆ. ಇದು ನನ್ನ ವಿಷಯ! ಚೀಟಿ, ಮಾತ್ರೆ, ಯಾವುದನ್ನು ಫೋನಿನಲ್ಲಿ ಬರೆಯಬಹುದು, ಯಾವುದನ್ನು ಬರೆಯಬಾರದು. ಅದರ ಬಗ್ಗೆ ಕೇಂದ್ರ ಸರ್ಕಾರದ ನಿಯಮ ಅದೇ ವರ್ಷ ಮಾರ್ಚಿನಲ್ಲಿ ಬಂದಿತ್ತು, ನಾನು ಪೂರ್ತಿ ಓದಿದ್ದೆ. ನಮ್ಮ ಔಷಧ ವ್ಯಾಪಾರಿಗಳ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಅಕ್ಕಂದಿರದೇ ತಪ್ಪು ಅಂತ.

ನಾನು ಆ ಚೀಟಿ ನೋಡಿರಲಿಲ್ಲ. ಡಾಕ್ಟರ ಜೊತೆ ಮಾತಾಡಿರಲಿಲ್ಲ. ಲಾಕ್‌ಡೌನಿನಲ್ಲಿ ದೂರದ ಊರಲ್ಲಿರುವ ತಮ್ಮನ ಬಗ್ಗೆ ಅಕ್ಕನಿಗೆ ಎಷ್ಟು ಗಾಬರಿ ಇತ್ತೋ ಗೊತ್ತಿರಲಿಲ್ಲ. ನಿಯಮ ಗೊತ್ತಿತ್ತು ಅಷ್ಟೇ. ಏನೂ ಗೊತ್ತಿಲ್ಲದವನು ಆಡುವ ಮಾತಿಗಿಂತ ಸ್ವಲ್ಪ ಗೊತ್ತಿರುವವನು ಆಡುವ ಮಾತು ಜಾಸ್ತಿ ಕೆಟ್ಟದ್ದು ಮಾಡುತ್ತದೆ. ಜನ ನಂಬುತ್ತಾರೆ. ಆ ಮೆಸೇಜನ್ನು ನಾಲ್ಕು ಜನ ಹೊಗಳಿದರು. ಒಬ್ಬ ಅಕ್ಕನ ಮೇಲಿನ ಎಫ್‌ಐಆರ್ ಅನ್ನು 2021ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿತು, ಇನ್ನೊಬ್ಬರದನ್ನು ಉಳಿಸಿಕೊಂಡಿತು. ನನ್ನ ಮೆಸೇಜಿನಲ್ಲಿ ಇಬ್ಬರೂ ಅಪರಾಧಿಗಳೇ ಆಗಿದ್ದರು.

ಮುಂದೆ ಏನಾಯಿತು ಅಂತ ಬೇಗ ಹೇಳುತ್ತೇನೆ. ಅಕ್ಟೋಬರ್ ಮೊದಲ ವಾರದಲ್ಲಿ ದೆಹಲಿಯ ಏಮ್ಸ್ ವೈದ್ಯರ ತಂಡ ಇದು ಕೊಲೆ ಅಲ್ಲ ಅಂದಿತು. ಅಕ್ಟೋಬರ್ 7ರಂದು ರಿಯಾಗೆ ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿತು. ಬೈಕುಲ್ಲಾ ಜೈಲಿನಲ್ಲಿ ಸುಮಾರು ಒಂದು ತಿಂಗಳು ಇದ್ದರು. ಸುಶಾಂತ್ ಬರೆದದ್ದು ಅಂತ ಸುಳ್ಳು ಟ್ವೀಟುಗಳನ್ನು ತೋರಿಸಿದ ಒಂದು ದೊಡ್ಡ ಹಿಂದಿ ಚಾನೆಲ್ಲಿಗೆ ಚಾನೆಲ್‌ಗಳದೇ ಶಿಸ್ತು ಸಂಸ್ಥೆ ಒಂದು ಲಕ್ಷ ದಂಡ ಹಾಕಿತು. 2021ರ ಜನವರಿ 18ರಂದು ಬಾಂಬೆ ಹೈಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಮಾಧ್ಯಮಗಳು ನಡೆಸುವ ವಿಚಾರಣೆಯಿಂದ ನ್ಯಾಯಕ್ಕೆ ಅಡ್ಡಿ ಆಗುತ್ತದೆ ಅಂತ ಹೇಳಿತು. ಆತ್ಮಹತ್ಯೆ ಮಾಡಿಕೊಂಡವರನ್ನು ದುರ್ಬಲ ಮನಸ್ಸಿನವರು ಅಂತ ತೋರಿಸಬೇಡಿ ಅಂತಲೂ ಅದರಲ್ಲಿದೆ. ಆ ಸಾಲು ಓದಿದಾಗ ಕಣ್ಣು ಒದ್ದೆ ಆಯಿತು. ಪೇಪರ್‌ನಲ್ಲಿ ಸುತ್ತಿಸಿಕೊಂಡು ಹೋಗುವ ನನ್ನ ಗಿರಾಕಿಗಳ ನೆನಪಾಯಿತು.

2025ರ ಮಾರ್ಚಿನಲ್ಲಿ ಸಿಬಿಐ ಎರಡೂ ಕೇಸುಗಳಲ್ಲಿ, ತಂದೆಯ ದೂರಿನದೂ ರಿಯಾ ದೂರಿನದೂ, ಮುಕ್ತಾಯದ ವರದಿ ಹಾಕಿತು. ನಮ್ಮ ಕಡೆ ಬಿ ರಿಪೋರ್ಟ್ ಅನ್ನುತ್ತೇವಲ್ಲ, ಅದು. ಯಾರೋ ಸೇರಿ ಅವನನ್ನು ಸಾವಿಗೆ ತಳ್ಳಿದರು ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂತ. ಸುಶಾಂತ್ ಮನೆಯವರು ಅದನ್ನು ಒಪ್ಪಿಲ್ಲ. ಡ್ರಗ್ಸ್ ಕೇಸು ಬೇರೆಯೇ, ಅದನ್ನು ಕೋರ್ಟು ನೋಡಿಕೊಳ್ಳುತ್ತದೆ. ರಿಯಾ ದೇವತೆ ಅಂತ ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅವರು ಎಂಥವರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ.

ಇದೆಲ್ಲ ದೂರದ ಮುಂಬೈ ಕಥೆ ಅನ್ನಬೇಡಿ. 2021ರ ಅಕ್ಟೋಬರ್ 29, ನಮ್ಮ ಅಪ್ಪು ಹೋದ ದಿನ. ಪುನೀತ್ ರಾಜ್‌ಕುಮಾರ್‌ಗೆ 46 ವರ್ಷ. ನಾನು ಅಂಗಡಿ ಮುಚ್ಚಿ ಮನೆಗೆ ಬಂದು ಅತ್ತೆ. ಎರಡು ದಿನ ಆಗಿರಲಿಲ್ಲ, ಮೊಬೈಲಿನಲ್ಲಿ ಶುರುವಾಯಿತು. ಮೊದಲು ನೋಡಿದ ಡಾಕ್ಟರು ತಡ ಮಾಡಿದರಂತೆ, ಹಾಗೆ ಮಾಡಬೇಕಿತ್ತಂತೆ, ಹೀಗೆ ಮಾಡಬೇಕಿತ್ತಂತೆ. ಡಾಕ್ಟರ್ ರಮಣರಾವ್ ಅವರ ಮನೆಗೂ ಕ್ಲಿನಿಕ್ಕಿಗೂ ಪೊಲೀಸ್ ಕಾವಲು ಹಾಕಬೇಕಾಯಿತು. ಖಾಸಗಿ ಆಸ್ಪತ್ರೆಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು.

ತಿಪಟೂರಿನಿಂದ ಬೆಂಗಳೂರಿಗೆ ಭಾನುವಾರ ಹೋದವರಿಗೆ ಗೊತ್ತಿರುತ್ತದೆ. ದಾಬಸ್‌ಪೇಟೆ ದಾಟಿ ನೆಲಮಂಗಲ ಬರುವ ಮೊದಲು ಟಿ. ಬೇಗೂರು. ಅಲ್ಲಿ ಬಡವರ ಸಾಲು. ದಶಕಗಳಿಂದ ಆ ಡಾಕ್ಟರು ಭಾನುವಾರ ಅಲ್ಲಿ ಬಿಟ್ಟಿ ನೋಡಿ, ಮಾತ್ರೆಯನ್ನೂ ಬಿಟ್ಟಿ ಕೊಡುತ್ತಾ ಬಂದವರು. ಅದಕ್ಕಾಗಿಯೇ 2010ರಲ್ಲಿ ಪದ್ಮಶ್ರೀ ಬಂತು. ನಮ್ಮ ದೊಡ್ಡಮ್ಮ ಆ ಸಾಲಿನಲ್ಲಿ ಕೂತಿದ್ದಾಳೆ. ಅಂಥವರ ಮನೆ ಮುಂದೆ ಪೊಲೀಸರು. ಅಪ್ಪು ಮೇಲಿನ ಪ್ರೀತಿಯೇ ಹಾಗೆ ಮಾಡಿಸಿತು ಅಂತ ಹೇಳುವವರಿದ್ದಾರೆ. ಆ ಮನುಷ್ಯ ಹೋಗುವಾಗಲೂ ಎರಡು ಕಣ್ಣು ಕೊಟ್ಟು ಹೋದ. ಅವನ ಹೆಸರಿನಲ್ಲಿ ಒಬ್ಬ ಡಾಕ್ಟರ ಮನೆಗೆ ಕಲ್ಲು ಬೀಳಬಹುದು ಅನ್ನುವ ಭಯ ಹುಟ್ಟಿಸಿದೆವಲ್ಲ.

ಆ ಸಲ ನನ್ನ ಕೌಂಟರಿನಲ್ಲಿ ಆ ಮಾತು ಬಂದಾಗ ನಾನು ಹೂಂ ಅನ್ನಲಿಲ್ಲ. "ನಮಗೆ ಗೊತ್ತಿಲ್ಲ ಬಿಡಿ" ಅಂದೆ. ಒಬ್ಬರು ಸಿಟ್ಟಾಗಿ ಮಾತ್ರೆ ತಗೊಳ್ಳದೆ ಹೋದರು. ಮತ್ತೆ ಬಂದರು, ಹದಿನೈದು ದಿನ ಬಿಟ್ಟು.

ಈಗ ಟಿವಿ ಆಫ್ ಮಾಡಿ ಅಂದ ಅವಳ ವಿಷಯ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ.

ಅವಳ ಗಂಡ ನನ್ನ ಗಿರಾಕಿ. ಮದುವೆಗೆ ಮೂರು ವರ್ಷ ಮೊದಲಿನಿಂದ. ತಿಂಗಳಿಗೊಮ್ಮೆ ಬರುತ್ತಿದ್ದ, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ. ಬೆಂಗಳೂರಿನ ದೊಡ್ಡ ಡಾಕ್ಟರ ಚೀಟಿ. ಮದುವೆ ಆಯಿತು. ಮದುವೆ ಆದ ಮೇಲೆ ಕೆಲವು ತಿಂಗಳು ಬರಲಿಲ್ಲ. ಮಾತ್ರೆ ನಿಲ್ಲಿಸಿದ್ದಾನೆ ಅಂತ ಅನ್ನಿಸಿತು, ಕೇಳಲಿಲ್ಲ. ಒಂದೂವರೆ ವರ್ಷಕ್ಕೆ ಅವನು ಜೀವ ಕಳೆದುಕೊಂಡ.

ಬೀದಿಗೆ ಬೀದಿಯೇ ಅವಳ ಮೇಲೆ ಬಿತ್ತು. ಬಂದು ಎರಡು ವರ್ಷ ಆಗಿಲ್ಲ, ಬಂಗಾರದಂಥ ಹುಡುಗನನ್ನ ತಿಂದುಕೊಂಡಳು. ಕಾಲ್ಗುಣ. ಫೋನಿನಲ್ಲೇ ಇರ್ತಿದ್ದಳಂತೆ. ಮದುವೆಗೆ ಮುಂಚೆ ಅವನಿಗೆ ಏನೂ ಇರಲಿಲ್ಲ. ಈ ಕೊನೆಯ ಮಾತನ್ನು ನನ್ನ ಕೌಂಟರಿನಲ್ಲೇ ಹೇಳಿದರು, ಅವನ ಕಡೆಯ ಹತ್ತಿರದ ನೆಂಟರೊಬ್ಬರು. "ಮದುವೆಗೆ ಮುಂಚೆ ಹುಡುಗ ಹೆಂಗಿದ್ದ, ನೀವೇ ನೋಡಿದೀರಲ್ಲ, ಅಲ್ವಾ?" ಅಂತ ನನ್ನ ಮುಖ ನೋಡಿದರು.

ನಾನು "ಹೂಂ" ಅಂದೆ.

ಅವನ ಗುಟ್ಟು ನಾನು ಹೇಳುವ ಹಾಗಿರಲಿಲ್ಲ. ಅದು ಸರಿ. ಇವತ್ತೂ ಹೇಳುವುದಿಲ್ಲ. ಆದರೆ ಗುಟ್ಟು ಕಾಯುವುದಕ್ಕೆ ಸುಮ್ನೆ ಇದ್ದರೆ ಸಾಕಿತ್ತು. ಒಳಗೆ ಹೋಗಿ ಮಾತ್ರೆ ಹುಡುಕಬಹುದಿತ್ತು. ಇಂಥದ್ದೆಲ್ಲ ಹೊರಗಿನವರಿಗೆ ಗೊತ್ತಾಗಲ್ಲ ಅನ್ನಬಹುದಿತ್ತು. ಗಿರಾಕಿ, ಪರಿಚಯದವರು, ದುಃಖದಲ್ಲಿದ್ದಾರೆ, ಯಾಕೆ ಎದುರು ಮಾತಾಡಬೇಕು ಅಂತ ಹೂಂ ಅಂದುಬಿಟ್ಟೆ. ಅವಳು ತವರಿಗೆ ಹೋದಳು. ನಾನು ಮರೆತೆ ಅಂದುಕೊಂಡಿದ್ದೆ. ಟಿವಿ ಆಫ್ ಮಾಡಿ ಅಂದ ದಿನದವರೆಗೆ.

ಆ ಟಿವಿಯನ್ನು ಆ ವಾರವೇ ಮನೆಗೆ ತಗೊಂಡು ಹೋದೆ. ಈಗ ಆ ಗೋಡೆಯಲ್ಲಿ ಒಂದು ಹಾಳೆ ಅಂಟಿಸಿದ್ದೇನೆ. ಟೆಲಿ ಮಾನಸ್, 14416. ಮನಸ್ಸಿಗೆ ಕಷ್ಟ ಆದಾಗ ಯಾವ ಹೊತ್ತಿನಲ್ಲಾದರೂ ಬಿಟ್ಟಿಯಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಇದಕ್ಕೆಲ್ಲ ಮೇಲಿನ ಕೇಂದ್ರ. ಚೀಟಿಯ ಹಿಂದೆ ಆ ನಂಬರ್ ಬರೆದುಕೊಡಿ ಅಂತ ಕೆಲವರು ಕೇಳುತ್ತಾರೆ. ಬರೆದುಕೊಡುತ್ತೇನೆ.

2025ರ ಮಾರ್ಚಿನಲ್ಲಿ, ಸಿಬಿಐ ವರದಿ ಸುದ್ದಿ ಬಂದು ಒಂದು ವಾರಕ್ಕೆ, ಅವಳು ಅಮ್ಮನ ಮಾತ್ರೆಗೆ ಬಂದಳು. ಈಗ ತುಮಕೂರಿನಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎಷ್ಟೋ ದಿನದಿಂದ ಬಾಯಲ್ಲಿದ್ದ ಮಾತು ಹೊರಗೆ ಬಂತು. "ತಾಯಿ, ಅವತ್ತು ನಿನ್ನ ಬಗ್ಗೆ ಇಲ್ಲಿ ನಿಂತು ಮಾತಾಡಿದಾಗ ನಾನು ಸುಮ್ನೆ ಹೂಂ ಅಂದುಬಿಟ್ಟೆ. ತಪ್ಪು ಮಾಡಿದೆ. ನಿನಗೆ ಗೊತ್ತಿರಲಿಕ್ಕಿಲ್ಲ."

ಅವಳು ಮಾತ್ರೆ ಸ್ಟ್ರಿಪ್ಪಿನ ತಾರೀಖು ನೋಡುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತು ಅಣ್ಣ" ಅಂದಳು. "ತಿಥಿ ದಿನ ನಮ್ಮತ್ತೆ ಎಲ್ಲರ ಮುಂದೆ ಹೇಳಿದ್ರು. ಮದುವೆಗೆ ಮುಂಚೆ ನನ್ನ ಮಗನಿಗೆ ಏನೂ ಇರಲಿಲ್ಲ, ಮೆಡಿಕಲ್‌ನವರೇ ಹೂಂ ಅಂದ್ರು ಅಂತ."

ನಾನು ಬಿಲ್ ಬರೆದೆ. ಅವಳು ದುಡ್ಡು ಕೊಟ್ಟಳು. ನಾನು ಬೇಡ ಅಂದೆ. ಎಣಿಸಿ ಕೌಂಟರಿನ ಮೇಲೆ ಇಟ್ಟು ಹೋದಳು.